ಮಯ್ಯಿತ್‌ನ ಖರ್ಚು: ಏತಕ್ಕೆ, ಎಷ್ಟು, ಯಾರ ಹಣದಿಂದ?

ನಮ್ಮಲ್ಲಿ ಒಂದು ಮದುವೆ ನಿಶ್ಚಯವಾದರೆ ಅದರ ಲೆಕ್ಕಾಚಾರ ಆರು ತಿಂಗಳ ಮೊದಲೇ ಆರಂಭವಾಗುತ್ತದೆ. ಛತ್ರದ ಬಾಡಿಗೆ ಎಷ್ಟು, ಊಟಕ್ಕೆ ಎಷ್ಟು ಮಂದಿ, ಬಟ್ಟೆಬರೆಗೆ ಎಷ್ಟು ಎಂದು ಮನೆಯವರೆಲ್ಲ ಕುಳಿತು ಚರ್ಚಿಸುತ್ತಾರೆ. ಆದರೆ ಮದುವೆಗಿಂತಲೂ ಖಚಿತವಾಗಿ ಪ್ರತಿಯೊಂದು ಮನೆಗೂ ಬರಲಿರುವ ಇನ್ನೊಂದು ದಿನವಿದೆ. ಆ ದಿನದ ಖರ್ಚಿನ ಬಗ್ಗೆ ಯಾರೂ ಮಾತೆತ್ತುವುದಿಲ್ಲ. ಎತ್ತಿದವರನ್ನು 'ಅಪಶಕುನ ನುಡಿಯಬೇಡಿ' ಎಂದು ಗದರಿಸಿ ಸುಮ್ಮನಾಗಿಸುತ್ತೇವೆ.

ಸತ್ಯವಿಶ್ವಾಸಿಗೆ ಮರಣದ ಮಾತು ಅಪಶಕುನವಲ್ಲ. ಸುಖಗಳನ್ನೆಲ್ಲ ಕತ್ತರಿಸಿ ಹಾಕುವ ಮರಣವನ್ನು ಹೆಚ್ಚು ಹೆಚ್ಚು ಸ್ಮರಿಸಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಒಮ್ಮೆ ಒಬ್ಬ ಮಹಿಳೆ ತನ್ನ ಕೈಯಾರೆ ನೇಯ್ದ ಹೊದಿಕೆಯೊಂದನ್ನು ಪ್ರವಾದಿವರ್ಯರಿಗೆ(ಸ) ಉಡುಗೊರೆಯಾಗಿ ತಂದುಕೊಟ್ಟರು. ಅವರು ಅದನ್ನು ಉಟ್ಟು ಹೊರಬಂದಾಗ ಸಹಾಬಿಯೊಬ್ಬರು ಅದನ್ನು ಕೇಳಿ ಪಡೆದರು. ಇತರರು ಅವರನ್ನು ಆಕ್ಷೇಪಿಸಿದಾಗ, 'ನಾನು ಇದನ್ನು ಉಡಲಿಕ್ಕಲ್ಲ, ನನ್ನ ಕಫನ್‌ಗಾಗಿ ಕೇಳಿದೆ' ಎಂಬ ಅರ್ಥದಲ್ಲಿ ಉತ್ತರಿಸಿದರು. ಅದೇ ಅವರ ಕಫನ್ ಆಯಿತೆಂದು ಬುಖಾರಿಯ ವರದಿಯಲ್ಲಿದೆ. ತನ್ನ ಕಫನ್ ಸಿದ್ಧಪಡಿಸಿಕೊಂಡವರನ್ನು ಪ್ರವಾದಿವರ್ಯರು(ಸ) ತಡೆಯಲಿಲ್ಲ. ಹೀಗಿರುವಾಗ ಆ ದಿನದ ಏರ್ಪಾಡುಗಳ ಬಗ್ಗೆ ಮೊದಲೇ ತಿಳಿದುಕೊಳ್ಳಲು ನಾವು ಹಿಂಜರಿಯುವುದೇಕೆ?

ಹಿಂಜರಿಯುವುದರ ಫಲ ಏನೆಂಬುದು ನಿಮಗೆ ತಿಳಿದಿದೆ. ಮರಣ ಸಂಭವಿಸಿದ ಮೇಲೆ ಮನೆಯವರು ದುಃಖದಲ್ಲಿ ಮುಳುಗಿರುತ್ತಾರೆ. ಯಾರೋ ಶಾಮಿಯಾನ ತರಿಸುತ್ತಾರೆ, ಯಾರೋ ಬಿರಿಯಾನಿಗೆ ಹೇಳುತ್ತಾರೆ. ಹಣಕ್ಕಾಗಿ ಮೃತರ ಕಪಾಟಿಗೆ ಕೈಹಾಕುತ್ತಾರೆ. ಯಾವುದು ಕಡ್ಡಾಯ, ಯಾವುದು ರೂಢಿ, ಯಾವುದು ಬರೀ ಪ್ರತಿಷ್ಠೆ ಎಂದು ಕೇಳುವ ಶಕ್ತಿ ವಿಧವೆಗೂ ಇರುವುದಿಲ್ಲ, ಮಕ್ಕಳಿಗೂ ಇರುವುದಿಲ್ಲ. ಆದ್ದರಿಂದ ಆ ಪ್ರಶ್ನೆಯನ್ನು ಇಂದು, ಮನಸ್ಸು ಶಾಂತವಾಗಿರುವಾಗ ಕೇಳಿಕೊಳ್ಳೋಣ.

ವ್ಯಾಪಾರವಲ್ಲ, ಸಮುದಾಯದ ಹೊಣೆ

ಮಯ್ಯಿತ್‌ಗೆ ಸ್ನಾನ ಮಾಡಿಸುವುದು, ಕಫನ್ ತೊಡಿಸುವುದು, ಜನಾಝ ನಮಾಝ್ ನಿರ್ವಹಿಸುವುದು ಮತ್ತು ದಫನ ಮಾಡುವುದು, ಈ ನಾಲ್ಕೂ ಫರ್ಝ್ ಕಿಫಾಯ ಆಗಿವೆ. ಅಂದರೆ ಊರಿನ ಕೆಲವರು ಮಾಡಿದರೆ ಎಲ್ಲರ ಹೊಣೆ ತೀರುತ್ತದೆ. ಯಾರೂ ಮಾಡದಿದ್ದರೆ ಎಲ್ಲರೂ ಪಾಪಿಗಳಾಗುತ್ತಾರೆ. ಮೃತನು ಶ್ರೀಮಂತನಾಗಿರಲಿ, ಗುರುತು ಪರಿಚಯವಿಲ್ಲದ ಬಡವನಾಗಿರಲಿ, ಈ ನಾಲ್ಕು ವಿಷಯಗಳಲ್ಲಿ ಅವನಿಗೆ ಸಮುದಾಯದ ಮೇಲೆ ಹಕ್ಕಿದೆ. ಜನಾಝ ನಮಾಝ್‌ನಲ್ಲಿ ಪಾಲ್ಗೊಂಡವನಿಗೆ ಒಂದು ಕೀರಾತ್, ದಫನದವರೆಗೂ ಇದ್ದವನಿಗೆ ಎರಡು ಕೀರಾತ್ ಪ್ರತಿಫಲವಿದೆಯೆಂದೂ, ಆ ಎರಡು ಕೀರಾತ್‌ಗಳು ಎರಡು ಮಹಾ ಪರ್ವತಗಳಂತೆ ಇರುವುವೆಂದೂ ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಈ ಕೆಲಸಕ್ಕೆ ಜನರು ಪ್ರತಿಫಲದ ಆಸೆಯಿಂದ ಓಡಿ ಬರಬೇಕೆಂಬುದೇ ಇದರ ಆಶಯ.

ಈ ಅನುಗ್ರಹದ ಬೆಲೆ ತಿಳಿಯಬೇಕಾದರೆ, ಇದು ವ್ಯಾಪಾರವಾಗಿ ಬಿಟ್ಟ ಕಡೆ ಏನಾಗಿದೆಯೆಂದು ನೋಡಬೇಕು. ಅಮೆರಿಕದಲ್ಲಿ ಶವಸಂಸ್ಕಾರದ ಕೆಲಸವನ್ನು ಹೆಚ್ಚಾಗಿ 'ಫ್ಯೂನರಲ್ ಹೋಮ್' ಎಂಬ ಸಂಸ್ಥೆಗಳು ಹಣ ಪಡೆದು ಮಾಡಿಕೊಡುತ್ತವೆ. ಶವವನ್ನು ತರುವುದು, ಔಷಧಿ ತುಂಬಿ ಕೆಡದಂತೆ ಇಡುವುದು, ಪೆಟ್ಟಿಗೆ, ಅಲಂಕಾರ, ದರ್ಶನದ ಕೋಣೆ, ವಾಹನ, ಕಾಗದಪತ್ರ ಎಂದು ಪ್ರತಿಯೊಂದಕ್ಕೂ ಬೆಲೆಯಿದೆ. ದುಃಖದಲ್ಲಿರುವವರಿಗೆ ಬೇಡದ್ದನ್ನೂ ಮಾರುತ್ತಾರೆಂಬ ದೂರುಗಳ ಹಿನ್ನೆಲೆಯಲ್ಲಿ ಅಲ್ಲಿನ ಸರಕಾರ 1984ರಲ್ಲಿ ಒಂದು ನಿಯಮವನ್ನು ಜಾರಿಗೆ ತಂದಿತು. ಅದರಂತೆ ಪ್ರತಿಯೊಂದು ಸೇವೆಯ ದರವನ್ನೂ ಬೇರೆ ಬೇರೆಯಾಗಿ ಬರೆದುಕೊಡಬೇಕು. ಗ್ರಾಹಕನು ತನಗೆ ಬೇಕಾದುದನ್ನು ಮಾತ್ರ ಆರಿಸಿಕೊಳ್ಳಬಹುದು. ಅಲ್ಲಿನ ಶವಸಂಸ್ಕಾರ ಉದ್ಯಮಿಗಳ ಸಂಘವೇ ನೀಡಿದ ಅಂಕಿಅಂಶದಂತೆ, 2023ರಲ್ಲಿ ದರ್ಶನ ಮತ್ತು ದಫನ ಸಹಿತವಾದ ಒಂದು ಸಂಸ್ಕಾರದ ಮಧ್ಯಮ ಖರ್ಚು 8,300 ಡಾಲರ್ ಆಗಿತ್ತು. ಕಬರ್‌ನ ಜಾಗದ ಬೆಲೆ ಇದರಲ್ಲಿ ಸೇರಿಲ್ಲ.

ಅಲ್ಲಿ ನೆಲೆಸಿರುವ ನಮ್ಮವರು ಈ ನಿಯಮವನ್ನು ತಿಳಿದಿರುವುದು ಒಳ್ಳೆಯದು. ಔಷಧಿ ತುಂಬಿಸುವುದಾಗಲಿ, ದುಬಾರಿ ಪೆಟ್ಟಿಗೆಯಾಗಲಿ ನಮಗೆ ಬೇಡ. ಬೇಡವೆಂದು ಹೇಳುವ ಹಕ್ಕು ಅವರಿಗಿದೆ. ಅಲ್ಲಿನ ಅನೇಕ ಮಸೀದಿಗಳು ಸ್ನಾನ ಮತ್ತು ಕಫನ್‌ನ ಕೆಲಸವನ್ನು ತಾವೇ ವಹಿಸಿಕೊಂಡು, ವಾಹನ ಮತ್ತು ಕಾಗದಪತ್ರಗಳಿಗೆ ಮಾತ್ರ ಇಂತಹ ಸಂಸ್ಥೆಗಳ ನೆರವು ಪಡೆಯುತ್ತವೆ.

ನಮ್ಮ ಊರುಗಳಲ್ಲಿ ಇಂತಹ ದರಪಟ್ಟಿ ಇಲ್ಲವೆಂದು ನಾವು ಸಮಾಧಾನಪಟ್ಟುಕೊಳ್ಳಬಹುದು. ಆದರೆ ನಮ್ಮಲ್ಲಿ ಖರ್ಚು ನಿಜಕ್ಕೂ ಕಡಿಮೆಯೇ? ಒಂದೊಂದಾಗಿ ನೋಡೋಣ.

ಕಡ್ಡಾಯವಾದುದು ಇಷ್ಟೇ

ಸ್ನಾನ: ಇದಕ್ಕೆ ಬೇಕಾದುದು ಶುದ್ಧ ನೀರು, ಬೋರೆ ಎಲೆ ಅಥವಾ ಸಾಬೂನು, ಸ್ವಲ್ಪ ಕರ್ಪೂರ, ಮೈ ಮುಚ್ಚುವ ಬಟ್ಟೆ ಮತ್ತು ಒಂದು ಹಲಗೆ. ಪ್ರವಾದಿಪುತ್ರಿ ನಿಧನರಾದಾಗ ಸ್ನಾನ ಮಾಡಿಸುತ್ತಿದ್ದ ಉಮ್ಮು ಅತಿಯ್ಯ(ರ) ಮತ್ತಿತರ ಮಹಿಳೆಯರಿಗೆ ಪ್ರವಾದಿವರ್ಯರು(ಸ) ಇದನ್ನೇ ಕಲಿಸಿದ್ದರು. ಬೋರೆ ಎಲೆ ಬೆರೆಸಿದ ನೀರಿನಿಂದ ಮೂರು, ಐದು ಅಥವಾ ಅಗತ್ಯವಿದ್ದರೆ ಇನ್ನೂ ಹೆಚ್ಚು ಬಾರಿ ತೊಳೆಯಬೇಕು. ಕೊನೆಯ ಬಾರಿ ಕರ್ಪೂರ ಬೆರೆಸಬೇಕು. ಬಲಭಾಗದಿಂದಲೂ ವುಝೂವಿನ ಅವಯವಗಳಿಂದಲೂ ಆರಂಭಿಸಬೇಕು. ಇದಕ್ಕೆ ತಗಲುವ ಖರ್ಚು ಅತ್ಯಲ್ಪ. ಬೇಕಾಗಿರುವುದು ಕಲಿತವರು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಸ್ನಾನ ಮಾಡಿಸಬೇಕು. ಪತಿಗೆ ಪತ್ನಿ ಸ್ನಾನ ಮಾಡಿಸಬಹುದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹ. ಅಬೂಬಕರ್‌ರಿಗೆ(ರ) ಸ್ನಾನ ಮಾಡಿಸಿದವರು ಅವರ ಪತ್ನಿ ಅಸ್ಮಾ ಬಿಂತ್ ಉಮೈಸ್(ರ). ಪತ್ನಿಗೆ ಪತಿ ಸ್ನಾನ ಮಾಡಿಸುವುದನ್ನು ಶಾಫಿಈ ಮದ್‌ಹಬ್ ಅನುಮತಿಸುತ್ತದೆ, ಹನಫಿ ಮದ್‌ಹಬ್ ಅನುಮತಿಸುವುದಿಲ್ಲ. ಹೆತ್ತವರಿಗೆ ಮಕ್ಕಳು ತಾವೇ ಸ್ನಾನ ಮಾಡಿಸುವುದು ಅವರಿಗೆ ಸಲ್ಲಿಸಬಹುದಾದ ಕೊನೆಯ ಸೇವೆ. ಅದನ್ನು ಬಾಡಿಗೆಯವರ ಕೈಗೊಪ್ಪಿಸಿ ಅಂಗಳದಲ್ಲಿ ನಿಲ್ಲುವ ಮಕ್ಕಳು ತಾವು ಕಳೆದುಕೊಂಡದ್ದೇನೆಂದು ಯೋಚಿಸಬೇಕು.

ಕಫನ್: ಗಂಡಸರಿಗೆ ಮೂರು ಬಟ್ಟೆಗಳು, ಹೆಂಗಸರಿಗೆ ಐದು. ಬಟ್ಟೆ ತೊಡಿಸುವ ಕ್ರಮದಲ್ಲಿ ಮದ್‌ಹಬ್‌ಗಳ ನಡುವೆ ಸಣ್ಣ ವ್ಯತ್ಯಾಸಗಳಿವೆ. ಪ್ರವಾದಿವರ್ಯರನ್ನು(ಸ) ಮೂರು ಬಿಳಿಯ ಹತ್ತಿ ಬಟ್ಟೆಗಳಲ್ಲಿ ಕಫನ್ ಮಾಡಲಾಗಿತ್ತೆಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಒಬ್ಬ ಗಂಡಸಿಗೆ ಸುಮಾರು ಹತ್ತು ಮೀಟರ್, ಹೆಂಗಸಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಬಟ್ಟೆ ಸಾಕಾಗುತ್ತದೆ. ಮದುವೆಗೆಂದು ತೆಗೆಯುವ ಒಂದು ರೇಷ್ಮೆ ಸೀರೆಯ ಬೆಲೆಯಲ್ಲಿ ಹಲವರ ಕಫನ್ ಆಗುತ್ತದೆ. ಹ. ಅಬೂಬಕರ್(ರ) ತಮ್ಮ ಮರಣಶಯ್ಯೆಯಲ್ಲಿ ತಾವು ಉಟ್ಟಿದ್ದ ಹಳೆಯ ಬಟ್ಟೆಯನ್ನೇ ತೊಳೆದು, ಅದಕ್ಕೆ ಇನ್ನೆರಡು ಸೇರಿಸಿ ಕಫನ್ ಮಾಡಬೇಕೆಂದು ಹೇಳಿದರು. ಅದು ಹಳತಾಯಿತಲ್ಲಾ ಎಂದು ಮಗಳು ಕೇಳಿದಾಗ, ಹೊಸ ಬಟ್ಟೆಯ ಅಗತ್ಯ ಸತ್ತವರಿಗಿಂತ ಬದುಕಿರುವವರಿಗೆ ಹೆಚ್ಚು ಎಂದು ಉತ್ತರಿಸಿದರು. ಅವರು ಇಡೀ ಇಸ್ಲಾಮೀ ರಾಷ್ಟ್ರದ ಖಲೀಫರಾಗಿದ್ದರು!

ದಫನ: ಕಬರ್ ತೋಡುವ ಕೂಲಿ, ಅದರ ಮೇಲೆ ಹಾಸಲು ಹಲಗೆ ಅಥವಾ ಕಲ್ಲು, ಕೆಲವೆಡೆ ಕಬರಸ್ತಾನದ ಶುಲ್ಕ. ಮಣ್ಣು ಗಟ್ಟಿಯಿದ್ದಲ್ಲಿ ಕಬರ್‌ನ ಒಂದು ಬದಿಯನ್ನು ಕೊರೆದು ಲಹದ್ ಮಾಡುತ್ತಾರೆ, ಸಡಿಲವಿದ್ದಲ್ಲಿ ನಡುವೆ ತೋಡುತ್ತಾರೆ. ಎರಡೂ ಸರಿಯೇ. ಕಬರ್ ತೋಡುವವನು ಕೂಲಿ ಪಡೆಯುವುದು ಅವನ ಬೆವರಿನ ಹಕ್ಕು. ಅದರಲ್ಲಿ ಚೌಕಾಶಿ ಮಾಡಬಾರದು. ಆದರೆ ಕಬರ್ ಮೇಲೆ ಗಾರೆ ಹಾಕಿ ಕಟ್ಟಡ ಕಟ್ಟುವುದನ್ನು ಪ್ರವಾದಿವರ್ಯರು(ಸ) ತಡೆದಿದ್ದಾರೆ. ಅಮೃತಶಿಲೆಗೆ ಹಾಕುವ ಹಣ ಮೃತನಿಗೆ ಏನನ್ನೂ ಕೊಡುವುದಿಲ್ಲ. ನಗರಗಳಲ್ಲಂತೂ ಅದು ಮುಂದೆ ಬರುವವರ ಆರಡಿ ಜಾಗವನ್ನು ಕಸಿದುಕೊಳ್ಳುತ್ತದೆ.

ಜನಾಝ ನಮಾಝ್: ಇದಕ್ಕೆ ಖರ್ಚೇ ಇಲ್ಲ. ರುಕೂಅ್, ಸುಜೂದ್‌ಗಳಿಲ್ಲದ, ನಾಲ್ಕು ತಕ್ಬೀರ್‌ಗಳ ಈ ನಮಾಝನ್ನು ಮೃತರ ಮಗನೇ ಮುಂದೆ ನಿಂತು ನಿರ್ವಹಿಸುವಂತಾದರೆ ಅದಕ್ಕಿಂತ ಮಿಗಿಲಾದುದು ಯಾವುದಿದೆ?

ಇಂದಿನ ಕಾಲದಲ್ಲಿ ಸೇರಿಕೊಂಡವು

ಆಸ್ಪತ್ರೆಯಲ್ಲಿ ಮರಣ ಹೊಂದಿದರೆ ವಾಹನದ ಬಾಡಿಗೆ, ದೂರದವರಿಗಾಗಿ ಕಾಯುವುದಿದ್ದರೆ ಶೀತಲ ಪೆಟ್ಟಿಗೆಯ ಬಾಡಿಗೆ ಮತ್ತು ಕಾಗದಪತ್ರಗಳು ಇಂದು ಸೇರಿಕೊಂಡಿವೆ. ಜನಾಝವನ್ನು ತ್ವರಿತಗೊಳಿಸಬೇಕೆಂಬುದು ಪ್ರವಾದಿವರ್ಯರ(ಸ) ಆದೇಶ. ಇದನ್ನು ಪಾಲಿಸಿದರೆ ಶೀತಲ ಪೆಟ್ಟಿಗೆಯ ಖರ್ಚು ಬಹುತೇಕ ಬರುವುದೇ ಇಲ್ಲ.

ಕೆಲವು ಕಾನೂನಿನ ವಿಷಯಗಳನ್ನೂ ತಿಳಿದಿರಬೇಕು. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯವರು, ಮನೆಯಲ್ಲಾದರೆ ಮನೆಯವರು ತಿಳಿಸಬೇಕು. ಸಕಾಲದಲ್ಲಿ ನೋಂದಾಯಿಸಿದರೆ ಪ್ರಮಾಣಪತ್ರ ಉಚಿತ. ತಡವಾದರೆ ದಂಡ, ಒಂದು ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶ ಎಂದು ಅಲೆದಾಟ ಹೆಚ್ಚುತ್ತಾ ಹೋಗುತ್ತದೆ. ಆಸ್ತಿ ವಿಭಜನೆ, ಬ್ಯಾಂಕ್ ಹಣ, ವಿಧವಾ ವೇತನ ಎಲ್ಲಕ್ಕೂ ಈ ಪತ್ರ ಬೇಕು. ಬಡತನ ರೇಖೆಗಿಂತ ಕೆಳಗಿರುವ ಕುಟುಂಬದ ಮುಖ್ಯ ಸಂಪಾದನೆಗಾರರು 18ರಿಂದ 59 ವರ್ಷದೊಳಗೆ ಮರಣ ಹೊಂದಿದರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಸಿಗುವ 20,000 ರೂಪಾಯಿಗೂ ಈ ಪತ್ರವೇ ಆಧಾರ. ಅಪಘಾತ ಅಥವಾ ಸಂಶಯಾಸ್ಪದ ಮರಣವಾದರೆ ಪೊಲೀಸರ ಮಹಜರು ಮುಗಿಯದೆ ದಫನ ಮಾಡಬಾರದು. ಆಸ್ಪತ್ರೆಯ ಬಿಲ್ ಬಾಕಿಯಿದೆಯೆಂದು ಶವವನ್ನು ತಡೆಹಿಡಿಯುವಂತಿಲ್ಲ ಎಂಬುದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ 2017ರಲ್ಲಿ ತಂದ ತಿದ್ದುಪಡಿಯ ಸಾರ. ಬಾಕಿ ಹಣ ಸಾಲವಾಗಿ ಉಳಿಯುತ್ತದೆ, ಅದನ್ನು ಆ ಬಳಿಕ ತೀರಿಸಲೇಬೇಕು. ಆದರೆ ಮಯ್ಯಿತನ್ನು ಒತ್ತೆಯಿಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ಹಣ ಯಾರದು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಈ ಖರ್ಚು ಯಾರ ಹಣದಿಂದ ಆಗಬೇಕು?

ಒಬ್ಬ ವ್ಯಕ್ತಿ ಮರಣ ಹೊಂದಿದ ಕ್ಷಣದಿಂದ ಅವನ ಸೊತ್ತು ಅವನದಲ್ಲ. ಅದರ ಮೇಲೆ ನಾಲ್ಕು ಹಕ್ಕುಗಳು ಕ್ರಮವಾಗಿ ಬರುತ್ತವೆ. ಮೊದಲನೆಯದು ಮಿತವಾದ ಕಫನ್ ದಫನದ ಖರ್ಚು. ಎರಡನೆಯದು ಅವನ ಸಾಲಗಳು. ಪತ್ನಿಗೆ ಕೊಡದೆ ಉಳಿಸಿಕೊಂಡ ಮಹ್ರ್ ಕೂಡಾ ಸಾಲವೇ ಎಂಬುದನ್ನು ಮರೆಯಬಾರದು. ಮೂರನೆಯದು ವಸಿಯ್ಯತ್. ಅದು ಉಳಿದ ಸೊತ್ತಿನ ಮೂರನೇ ಒಂದು ಭಾಗವನ್ನು ಮೀರಬಾರದು. ನಾಲ್ಕನೆಯದು ವಾರೀಸುದಾರರ ಪಾಲು. ವಾರೀಸು ಪಾಲುಗಳನ್ನು ವಿವರಿಸುವಾಗ ಕುರ್‌ಆನ್ (4:11-12) ಅವೆಲ್ಲವೂ ವಸಿಯ್ಯತ್ ಮತ್ತು ಸಾಲವನ್ನು ತೀರಿಸಿದ ಬಳಿಕವೇ ಎಂದು ಮತ್ತೆ ಮತ್ತೆ ನೆನಪಿಸಿದೆ.

ಪತ್ನಿ ನಿಧನಳಾದರೆ ಅವಳ ಕಫನ್ ದಫನದ ಖರ್ಚು ಪತಿಯ ಮೇಲಿದೆಯೆಂಬುದು ಶಾಫಿಈ ಮದ್‌ಹಬ್‌ನಲ್ಲೂ ಹನಫಿ ಮದ್‌ಹಬ್‌ನಲ್ಲೂ ಪ್ರಚಲಿತವಾದ ಅಭಿಪ್ರಾಯ. ಅವಳ ಒಡವೆ ಮಾರಿ ಆ ಖರ್ಚು ಮಾಡಬಾರದು, ಅವಳ ತವರಿನವರ ಮೇಲೆ ಹೊರಿಸಲೂಬಾರದು. ಏನೂ ಬಿಟ್ಟು ಹೋಗದವರ ಖರ್ಚು ಅವರ ಪೋಷಣೆಯ ಹೊಣೆಯಿದ್ದ ಬಂಧುಗಳ ಮೇಲೆ. ಅಂಥವರೂ ಇಲ್ಲವಾದರೆ ಬೈತುಲ್‌ಮಾಲ್‌ನ ಮೇಲೆ, ಅದೂ ಇಲ್ಲವಾದರೆ ಊರಿನ ಮುಸ್ಲಿಮರೆಲ್ಲರ ಮೇಲೆ.

ಸಾಲದ ವಿಷಯ ಎಷ್ಟು ಗಂಭೀರ ಎಂಬುದಕ್ಕೆ ಒಂದು ಘಟನೆ ಸಾಕು. ಒಂದು ಜನಾಝ ತರಲಾದಾಗ ಮೃತನಿಗೆ ಸಾಲವಿದೆಯೇ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಕೆಲವು ದೀನಾರ್‌ಗಳ ಸಾಲವಿತ್ತು, ತೀರಿಸಲು ಅವನು ಏನನ್ನೂ ಬಿಟ್ಟಿರಲಿಲ್ಲ. ನಿಮ್ಮ ಸಂಗಾತಿಯ ನಮಾಝ್ ನೀವೇ ನಿರ್ವಹಿಸಿರಿ ಎಂದು ಪ್ರವಾದಿವರ್ಯರು(ಸ) ಹಿಂದೆ ಸರಿದರು. ಆ ಸಾಲ ನನ್ನ ಮೇಲಿರಲಿ ಎಂದು ಅಬೂ ಕತಾದ(ರ) ಹೊತ್ತುಕೊಂಡ ಮೇಲೆಯೇ ಅವರು ನಮಾಝ್ ನಿರ್ವಹಿಸಿದರು. ಇಂದು ನಮ್ಮಲ್ಲಿ ಮೃತರ ಸಾಲಗಾರರು ಬಾಗಿಲಲ್ಲಿ ನಿಂತಿರುವಾಗಲೇ ಹಿತ್ತಿಲಲ್ಲಿ ಬಿರಿಯಾನಿಯ ದೇಗ್ ಏರಿರುತ್ತದೆ.

ಮಯ್ಯಿತ್ ಮನೆಯ ಊಟ

ನಮ್ಮ ನಿಜವಾದ ಖರ್ಚು ಇರುವುದು ಇಲ್ಲಿ. ಕಫನ್‌ಗೆ, ಕಬರ್‌ಗೆ ನಾವು ಬಡವಾಗುವುದಿಲ್ಲ. ಮೂರನೇ ದಿನದ ಝಿಯಾರತ್, ಹತ್ತನೇ ದಿನ, ಇಪ್ಪತ್ತನೇ ದಿನ, ನಲ್ವತ್ತನೇ ದಿನದ ಚೆಹಲಮ್, ವರ್ಷದ ಊಟ ಎಂದು ಬಡವಾಗುತ್ತೇವೆ. ಶಾಮಿಯಾನ, ಕುರ್ಚಿ, ಅಡುಗೆಯವರು, ಬಂದವರಿಗೆಲ್ಲ ಊಟ. ಮಾಡದಿದ್ದರೆ 'ಅಪ್ಪನಿಗೆ ಒಂದು ಊಟ ಹಾಕಿಸಲೂ ಆಗಲಿಲ್ಲವೇ' ಎಂಬ ಮಾತು. ಈ ಮಾತಿಗೆ ಹೆದರಿ ಬಡ್ಡಿಗೆ ಸಾಲ ತಂದು ಊಟ ಹಾಕಿಸಿದವರೂ ನಮ್ಮ ನಡುವೆ ಇದ್ದಾರೆ.

ಪ್ರವಾದಿ ಚರ್ಯೆ ಇದಕ್ಕೆ ತದ್ವಿರುದ್ಧವಾಗಿದೆ. ಮೂತಾ ಯುದ್ಧದಲ್ಲಿ ಜಅ್‌ಫರ್(ರ) ಹುತಾತ್ಮರಾದ ಸುದ್ದಿ ಬಂದಾಗ, ಜಅ್‌ಫರರ ಮನೆಯವರಿಗೆ ಆಹಾರ ಸಿದ್ಧಪಡಿಸಿರಿ, ಅವರು ದುಃಖದಲ್ಲಿ ಮುಳುಗಿದ್ದಾರೆ ಎಂದು ಪ್ರವಾದಿವರ್ಯರು(ಸ) ಇತರರಿಗೆ ಹೇಳಿದರು. ಅಂದರೆ ಊಟ ನೆರೆಮನೆಯಿಂದ ಮಯ್ಯಿತ್ ಮನೆಗೆ ಹೋಗಬೇಕು. ನಾವು ಅದನ್ನು ತಲೆಕೆಳಗು ಮಾಡಿದ್ದೇವೆ. ಮಯ್ಯಿತ್ ಮನೆಯಲ್ಲಿ ನೆರೆದು, ಆ ಮನೆಯವರಿಂದ ಊಟ ಮಾಡಿಸಿಕೊಳ್ಳುವುದನ್ನು ಸಹಾಬಿಗಳು ಗೋಳಾಟದ ಸಾಲಿಗೆ ಸೇರಿಸುತ್ತಿದ್ದರೆಂದು ಜರೀರ್ ಬಿನ್ ಅಬ್ದುಲ್ಲಾ(ರ) ವರದಿ ಮಾಡಿದ್ದಾರೆ.

ಇದೇ ಸಹಾಬಿಗಳ ಮುಂದೆ ಆಹಾರ ಬಂದಾಗ ಅವರ ಮನಸ್ಸು ಎತ್ತ ಹೋಗುತ್ತಿತ್ತೆಂದು ನೋಡಿ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಶ್ರೀಮಂತರಾಗಿದ್ದರು. ಒಂದು ದಿನ ಉಪವಾಸ ಪಾರಣೆಗೆ ಅವರ ಮುಂದೆ ಊಟ ಇಡಲಾಯಿತು. ಅವರಿಗೆ ಉಹುದ್‌ನಲ್ಲಿ ಹುತಾತ್ಮರಾದ ಮುಸ್‌ಅಬ್ ಬಿನ್ ಉಮೈರ್(ರ) ನೆನಪಾದರು. ಮುಸ್‌ಅಬ್‌ರ(ರ) ಕಫನ್‌ಗೆ ಇದ್ದುದು ಒಂದೇ ಹೊದಿಕೆ. ತಲೆ ಮುಚ್ಚಿದರೆ ಕಾಲು ಹೊರಗೆ, ಕಾಲು ಮುಚ್ಚಿದರೆ ತಲೆ ಹೊರಗೆ. ಕೊನೆಗೆ ತಲೆಯನ್ನು ಬಟ್ಟೆಯಿಂದಲೂ ಕಾಲುಗಳನ್ನು ಇಝ್‌ಖಿರ್ ಹುಲ್ಲಿನಿಂದಲೂ ಮುಚ್ಚಲಾಗಿತ್ತು. ಅದನ್ನು ನೆನೆದು ಅಬ್ದುರ್ರಹ್ಮಾನ್(ರ) ಅತ್ತರು, ಊಟ ಅಲ್ಲಿಯೇ ಉಳಿಯಿತು.

ಒಂದು ಲೆಕ್ಕ

ಮೃತರಿಗೆ ಪುಣ್ಯ ಮುಟ್ಟಿಸುವ ರೀತಿಯ ಬಗ್ಗೆ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ. ಅದನ್ನು ಇಲ್ಲಿ ಚರ್ಚಿಸುವುದಿಲ್ಲ. ಆದರೆ ಯಾರಿಗೂ ಭಿನ್ನಾಭಿಪ್ರಾಯವಿಲ್ಲದ ಒಂದು ವಿಷಯವಿದೆ. ಅದೆಂದರೆ, ಪ್ರಾಯಕ್ಕೆ ಬಾರದ ಮಕ್ಕಳ ಪಾಲಿನಿಂದ ಇಂತಹ ಊಟ ಹಾಕಿಸಲು ಯಾರಿಗೂ ಅಧಿಕಾರವಿಲ್ಲ. ಅವರು ಒಪ್ಪಿದರೂ ಅದು ಒಪ್ಪಿಗೆಯಾಗುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳಿ. ಒಬ್ಬ ಸಣ್ಣ ವ್ಯಾಪಾರಿ ನಿಧನನಾಗುತ್ತಾನೆ. ತಂದೆತಾಯಿ ಇಲ್ಲ. ಪತ್ನಿ, ಒಬ್ಬ ಮಗ, ಒಬ್ಬಳು ಮಗಳು ಇದ್ದಾರೆ. ಮಕ್ಕಳಿಬ್ಬರೂ ಚಿಕ್ಕವರು. ಬಿಟ್ಟು ಹೋದದ್ದು ಒಟ್ಟು 4,00,000 ರೂಪಾಯಿ. ಕಫನ್ ದಫನಕ್ಕೆ 10,000 ಆಯಿತೆನ್ನಿ. ಅಂಗಡಿಯ ಸಾಲ 1,10,000. ಪತ್ನಿಗೆ ಕೊಡಲು ಬಾಕಿಯಿದ್ದ ಮಹ್ರ್ 40,000. ಇವನ್ನು ಕಳೆದರೆ ಉಳಿಯುವುದು 2,40,000. ವಸಿಯ್ಯತ್ ಇಲ್ಲ. ಪತ್ನಿಗೆ ಎಂಟನೇ ಒಂದು ಭಾಗ, ಅಂದರೆ 30,000. ಉಳಿದ 2,10,000ದಲ್ಲಿ ಮಗನಿಗೆ 1,40,000, ಮಗಳಿಗೆ 70,000.

ಈಗ ಪಾಲು ಮಾಡುವ ಮೊದಲೇ ಝಿಯಾರತ್ ಮತ್ತು ಚೆಹಲಮ್‌ನ ಊಟಕ್ಕೆ ಇದೇ ಹಣದಿಂದ 80,000 ಖರ್ಚು ಮಾಡಿದರೆಂದುಕೊಳ್ಳಿ. ಅದರಲ್ಲಿ ಪತ್ನಿಯ ಪಾಲು ಎಂಟನೇ ಒಂದು, ಅಂದರೆ 10,000 ಮಾತ್ರ. ಉಳಿದ 70,000 ಆ ಇಬ್ಬರು ಮಕ್ಕಳದು. ಆ ಮಗಳಿಗೆ ಅಲ್ಲಾಹನು ಗೊತ್ತುಪಡಿಸಿದ ಒಟ್ಟು ಪಾಲೇ 70,000 ಎಂಬುದನ್ನು ಗಮನಿಸಿ. ಅಷ್ಟೇ ಮೊತ್ತವನ್ನು ಊರವರು ಎರಡು ಹೊತ್ತಿನಲ್ಲಿ ಉಂಡು ಕೈತೊಳೆದರು. ತಿಂದವರಲ್ಲಿ ಯಾರೂ ಕಳ್ಳರಲ್ಲ. ಎಲ್ಲರೂ ಸಾಂತ್ವನ ಹೇಳಲು ಬಂದವರೇ. ಆದರೆ ಅನಾಥರ ಸೊತ್ತನ್ನು ಅನ್ಯಾಯವಾಗಿ ತಿನ್ನುವುದು ಹೊಟ್ಟೆಗೆ ಬೆಂಕಿ ತುಂಬಿಸಿಕೊಳ್ಳುವುದೆಂದು ಕುರ್‌ಆನ್ (4:10) ಎಚ್ಚರಿಸಿದೆ. ಅದು ವಾರೀಸು ನಿಯಮಗಳನ್ನು ವಿವರಿಸುವ ಸೂಕ್ತಕ್ಕಿಂತ ಸ್ವಲ್ಪ ಮೊದಲೇ ಬಂದಿರುವುದು ಆಕಸ್ಮಿಕವಲ್ಲ. ಆದ್ದರಿಂದ ಮಯ್ಯಿತ್ ಮನೆಯಲ್ಲಿ ತಟ್ಟೆಯ ಮುಂದೆ ಕುಳಿತಾಗ, ಇದು ಯಾರ ಹಣ ಎಂದು ಒಮ್ಮೆ ಕೇಳಿಕೊಳ್ಳಿರಿ.

ಹಾಗಾದರೆ ಮೃತರಿಗಾಗಿ ಏನೂ ಮಾಡಬಾರದೇ? ಖಂಡಿತ ಮಾಡಬೇಕು. ಸಅ್‌ದ್ ಬಿನ್ ಉಬಾದ(ರ) ತನ್ನ ತಾಯಿಯ ಪರವಾಗಿ ದಾನ ಮಾಡಿದರೆ ಅವರಿಗೆ ಫಲ ಸಿಗುವುದೇ ಎಂದು ಪ್ರವಾದಿವರ್ಯರಲ್ಲಿ(ಸ) ಕೇಳಿದರು. ಸಿಗುವುದೆಂದು ತಿಳಿದಾಗ ತನ್ನದೇ ತೋಟವನ್ನು ದಾನವಾಗಿ ಕೊಟ್ಟರು. ತಾಯಿಯ ಸೊತ್ತನ್ನಲ್ಲ, ತನ್ನದನ್ನು! ಪ್ರಾಯಕ್ಕೆ ಬಂದ ಮಗ ತನ್ನ ಸಂಪಾದನೆಯಿಂದ ಒಬ್ಬ ಬಡ ವಿದ್ಯಾರ್ಥಿಯ ಶುಲ್ಕ ಕಟ್ಟಲಿ, ಒಂದು ಬಾವಿ ತೋಡಿಸಲಿ, ತಂದೆಯ ಸಾಲ ತೀರಿಸಲಿ. ಪ್ರತಿ ನಮಾಝಿನ ಬಳಿಕ ದುಆ ಮಾಡಲಿ. ದುಆಕ್ಕೆ ಶಾಮಿಯಾನ ಬೇಕಾಗಿಲ್ಲ.

ಪರದೇಶದಲ್ಲಿ ಮರಣವಾದಾಗ

ಕರಾವಳಿಯ ಅನೇಕ ಕುಟುಂಬಗಳಿಗೆ ಇದು ದೂರದ ಮಾತಲ್ಲ. ಗಲ್ಫಿನಲ್ಲಿ ಮಗ ತೀರಿಕೊಂಡಾಗ ಮುಖವನ್ನಾದರೂ ನೋಡಬೇಕೆಂದು ತಾಯಿ ಹಂಬಲಿಸುವುದು ಸಹಜ. ಆದರೆ ಮಯ್ಯಿತನ್ನು ತರಬೇಕಾದರೆ ಅಲ್ಲಿನ ಮರಣಪತ್ರ, ಪೊಲೀಸರ ಮತ್ತು ಭಾರತೀಯ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ಪಾಸ್‌ಪೋರ್ಟ್ ರದ್ದತಿ, ಶವ ಕೆಡದಂತೆ ಔಷಧಿ ತುಂಬಿದ ಪ್ರಮಾಣಪತ್ರ, ಪೆಟ್ಟಿಗೆ, ವಿಮಾನದ ಸರಕು ಬಾಡಿಗೆ ಇಷ್ಟೆಲ್ಲ ಬೇಕು. ದಿನಗಳು, ಕೆಲವೊಮ್ಮೆ ವಾರಗಳೇ ಕಳೆಯುತ್ತವೆ.

ಉಹುದ್‌ನಲ್ಲಿ ಹುತಾತ್ಮರಾದವರನ್ನು ಅವರ ಕುಟುಂಬದವರು ಮದೀನಕ್ಕೆ ಒಯ್ಯುತ್ತಿದ್ದಾಗ, ಅವರನ್ನು ಬಿದ್ದ ಸ್ಥಳಕ್ಕೇ ಮರಳಿಸಿ ದಫನ ಮಾಡುವಂತೆ ಪ್ರವಾದಿವರ್ಯರು(ಸ) ಘೋಷಿಸಿದ್ದರು. ಉಹುದ್‌ನಿಂದ ಮದೀನ ಕೆಲವೇ ಮೈಲಿಗಳ ದೂರದಲ್ಲಿದೆ! ಮರಣ ಹೊಂದಿದ ಊರಿನಲ್ಲೇ ದಫನ ಮಾಡುವುದು ಉತ್ತಮವೆಂದು ಹೆಚ್ಚಿನ ಧರ್ಮಶಾಸ್ತ್ರಜ್ಞರು ಹೇಳಲು ಇದೇ ಆಧಾರ. ಅಲ್ಲಾಹನ ಭೂಮಿ ಎಲ್ಲೆಡೆಯೂ ಒಂದೇ. ಅಲ್ಲಿಯೂ ನಮಾಝ್ ನಿರ್ವಹಿಸುವ ಮುಸ್ಲಿಮರಿದ್ದಾರೆ.

ಹಾಗಿದ್ದರೂ ತರಲೇಬೇಕಾದ ಪರಿಸ್ಥಿತಿಯಿದ್ದರೆ ಬಡ ಕುಟುಂಬ ಸಾಲ ಮಾಡುವ ಮೊದಲು ತನ್ನ ಹಕ್ಕನ್ನು ತಿಳಿಯಬೇಕು. ಸೌದಿ ಅರೇಬಿಯದ ಕಾರ್ಮಿಕ ಕಾನೂನಿನಂತೆ, ಕುಟುಂಬದ ಒಪ್ಪಿಗೆಯಿಂದ ಅಲ್ಲೇ ದಫನ ಮಾಡದಿದ್ದರೆ, ಕಾರ್ಮಿಕನ ಶವವನ್ನು ಸಿದ್ಧಪಡಿಸಿ ಸಾಗಿಸುವ ಖರ್ಚು ಉದ್ಯೋಗದಾತನ ಮೇಲಿದೆ. ಉದ್ಯೋಗದಾತ ಕೈಬಿಟ್ಟ ಸಂಕಷ್ಟದ ಸಂದರ್ಭಗಳಲ್ಲಿ ನೆರವಾಗಲು ಭಾರತದ ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿದೆ. ಶವ ಸಾಗಾಟಕ್ಕೂ ಅಲ್ಲೇ ದಫನ ಮಾಡುವುದಕ್ಕೂ ಅದರಿಂದ ನೆರವು ಕೇಳಬಹುದು.

ನಾವೇನು ಮಾಡಬಹುದು?

ಮೊದಲು ಜಮಾಅತ್‌ಗಳ ಬಗ್ಗೆ. ಪ್ರತಿಯೊಂದು ಮಸೀದಿಯಲ್ಲೂ ಕಫನ್ ಬಟ್ಟೆ, ಕರ್ಪೂರ, ಸ್ನಾನದ ಹಲಗೆ, ಮಯ್ಯಿತ್ ಒಯ್ಯುವ ಮಂಚ ಸದಾ ಸಿದ್ಧವಾಗಿರಲಿ. ಪ್ರತಿ ಮೊಹಲ್ಲಾದಲ್ಲಿ ಕೆಲವು ಯುವಕರೂ ಕೆಲವು ಮಹಿಳೆಯರೂ ಸ್ನಾನದ ಕ್ರಮವನ್ನು ಕಲಿತಿರಲಿ. 2020 ಮತ್ತು 2021ರ ಕೋವಿಡ್ ದಿನಗಳಲ್ಲಿ ಹತ್ತಿರದ ಬಂಧುಗಳೂ ಹೆದರಿ ದೂರ ನಿಂತಾಗ ನಮ್ಮ ಯುವಕರು ಜಾತಿ ಮತ ನೋಡದೆ ಅಂತ್ಯಸಂಸ್ಕಾರಕ್ಕೆ ಹೆಗಲು ಕೊಟ್ಟರು. ಆ ಉತ್ಸಾಹ ಸಾಮಾನ್ಯ ದಿನಗಳಲ್ಲೂ ಉಳಿಯಬೇಕು. ಕಬರ್ ತೋಡುವ ಕೂಲಿ, ವಾಹನದ ಬಾಡಿಗೆ ಎಷ್ಟೆಂದು ಮಸೀದಿಯ ಫಲಕದಲ್ಲಿ ಬರೆದಿಡಿ. ವಂತಿಗೆ ಬಾಕಿಯಿದೆಯೆಂದು ದಫನಕ್ಕೆ ತಕರಾರು ಎತ್ತಿದ ಸುದ್ದಿಗಳು ಅಲ್ಲಲ್ಲಿ ಕೇಳಿಬರುತ್ತವೆ. ದಫನವು ಮೃತನ ಹಕ್ಕು, ಜಮಾಅತ್‌ನ ಉಪಕಾರವಲ್ಲ. ಮಯ್ಯಿತ್ ಮನೆಗೆ ಮೂರು ದಿನ ಊಟ ಕಳುಹಿಸುವ ಸರದಿಯನ್ನು ನೆರೆಹೊರೆಯವರು ಹಂಚಿಕೊಳ್ಳಲಿ.

ಇನ್ನು ನೀವು. ವಸಿಯ್ಯತ್ ಮಾಡಬೇಕಾದ ವಿಷಯವೇನಾದರೂ ಇರುವ ಮುಸ್ಲಿಮನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯುವುದು ಸಲ್ಲದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆದ್ದರಿಂದ ಇಂದೇ ಒಂದು ಹಾಳೆ ತೆಗೆದುಕೊಳ್ಳಿ. ಯಾರಿಗೆ ಎಷ್ಟು ಕೊಡಲಿಕ್ಕಿದೆ, ಯಾರಿಂದ ಎಷ್ಟು ಬರಲಿಕ್ಕಿದೆ ಎಂದು ಬರೆಯಿರಿ. ಪತ್ನಿಯ ಮಹ್ರ್ ಬಾಕಿಯಿದ್ದರೆ ಅದನ್ನೂ ಬರೆಯಿರಿ, ಸಾಧ್ಯವಾದರೆ ಜೀವಂತವಿರುವಾಗಲೇ ಕೊಟ್ಟುಬಿಡಿರಿ. ನನ್ನ ಕಫನ್ ಸರಳವಾಗಿರಲಿ, ದಫನಕ್ಕೆ ತಡಮಾಡಬೇಡಿ, ನನ್ನ ಹೆಸರಿನಲ್ಲಿ ನನ್ನ ಮಕ್ಕಳ ಹಣದಿಂದ ಊಟ ಹಾಕಿಸಬೇಡಿ ಎಂದು ಸ್ಪಷ್ಟವಾಗಿ ಬರೆಯಿರಿ. ಆ ಹಾಳೆ ಎಲ್ಲಿದೆಯೆಂದು ಮನೆಯವರಿಗೆ ತಿಳಿಸಿರಿ. ನಾಳೆ ಊರವರು ಏನಾದರೂ ಹೇಳಿದರೆ, 'ಇದು ಅವರದೇ ವಸಿಯ್ಯತ್' ಎಂದು ತೋರಿಸಲು ನಿಮ್ಮ ವಿಧವೆಯ ಕೈಯಲ್ಲಿ ಅದೊಂದು ಆಧಾರವಾಗುವುದು.

ಮೃತನ ಜೊತೆ ಕಬರ್‌ನವರೆಗೆ ಮೂರು ಬರುತ್ತವೆ. ಅವನ ಕುಟುಂಬ, ಅವನ ಸಂಪತ್ತು ಮತ್ತು ಅವನ ಕರ್ಮ. ಮೊದಲಿನ ಎರಡು ಹಿಂದಿರುಗುತ್ತವೆ, ಮೂರನೆಯದು ಮಾತ್ರ ಜೊತೆಯಲ್ಲಿ ಉಳಿಯುತ್ತದೆ ಎಂಬುದು ಪ್ರವಾದಿ ವಚನದ ತಿರುಳು. ಹಿಂದಿರುಗುವ ಆ ಸಂಪತ್ತು ಅದರ ಹಕ್ಕುದಾರರ ಕೈಗೆ ಪೂರ್ಣವಾಗಿ ಸೇರುವಂತೆ ನೋಡಿಕೊಳ್ಳುವುದೂ ನಮ್ಮ ಜೊತೆ ಉಳಿಯುವ ಒಂದು ಸತ್ಕರ್ಮವೇ. ಅಲ್ಲಾಹನು ನಮ್ಮ ಅಂತ್ಯವನ್ನು ಈಮಾನಿನೊಂದಿಗೆ ಮಾಡಲಿ, ನಮ್ಮಿಂದ ಯಾವ ಅನಾಥನ ಹಕ್ಕೂ ನಾಶವಾಗದಂತೆ ಕಾಪಾಡಲಿ. ಆಮೀನ್.